ಮಾರಿ ಹೋದ ಮೇಲೆ ಕೆಲಸಕ್ಕೆ ಕರೆದ ಬಗೆ

ನಮ್ಮ ಕೂಟದ ಯಾವುದೇ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಬಿಸಿಬೇಳೆಬಾತು ತಟ್ಟೆಗೆ ಬೀಳುವ ಮೊದಲೇ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: "ನಿಮಗೆ ವಾರಕ್ಕೆ ಎಷ್ಟು ದಿನ ಆಫೀಸು?" ಹಿಂದೆ ಇದೇ ಸಾಲಿನಲ್ಲಿ "ಗ್ರೀನ್ ಕಾರ್ಡ್ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. 2020ರ ಮಾರ್ಚ್ 16ರಂದು ಕೊಲ್ಲಿ ಪ್ರದೇಶದ ಆರು ಕೌಂಟಿಗಳೂ, ಅವುಗಳ ಜೊತೆಗೆ ನಮ್ಮ ಬರ್ಕ್ಲಿ ನಗರವೂ, ಮನೆ ಬಿಟ್ಟು ಹೊರಡಬೇಡಿ ಎಂದು ಆಜ್ಞೆ ಹೊರಡಿಸಿದವು. (ಬರ್ಕ್ಲಿಯಂಥ ಸಣ್ಣ ಊರಿಗೆ ತನ್ನದೇ ಆದ ಆರೋಗ್ಯ ಇಲಾಖೆ ಇದೆಯೆಂಬುದು ಇಲ್ಲಿ ಇಪ್ಪತ್ತು ವರ್ಷ ಬಾಳಿದವರಲ್ಲೂ ಅನೇಕರಿಗೆ ತಿಳಿಯದು.) ಎರಡು ವರ್ಷ ಕಳೆದು, 2022ರ ಏಪ್ರಿಲಿನಲ್ಲಿ ಗೂಗಲ್ ಸಂಸ್ಥೆ ವಾರಕ್ಕೆ ಮೂರು ದಿನ ಬನ್ನಿ ಎಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಪಲ್ ಕೂಡ ಹಾಗೆಯೇ ಹೇಳಿತು. ಬಂದವರು ಬಂದರು, ಬಾರದವರು ಗೊಣಗಿದರು, ಕೆಲವರು ಕೆಲಸವನ್ನೇ ಬದಲಿಸಿದರು. ವೈದ್ಯರಿಗೂ ದಾದಿಯರಿಗೂ ಈ ಪ್ರಶ್ನೆ ಹುಟ್ಟಲೇ ಇಲ್ಲ. ಮನೆಗೆ ಹೋಗಿದ್ದರೆ ತಾನೆ ಮರಳಿ ಬರುವುದು!

ಮಾರಿಗೆ ಹೆದರಿ ಕೆಲಸ ಬಿಟ್ಟು ಹೋದವರನ್ನು ಮತ್ತೆ ಕರೆತರುವ ಈ ತಾಪತ್ರಯ ಹೊಸದೇನಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ನಾವು ಬಿಟ್ಟು ಬಂದ ನಾಡಿನಲ್ಲಿಯೂ ನಾವು ಬಂದು ನೆಲೆಸಿದ ಈ ಕೊಲ್ಲಿಯ ದಂಡೆಯಲ್ಲಿಯೂ ಸರಿಸುಮಾರು ಒಂದೇ ಹೊತ್ತಿಗೆ ಇದೇ ತಾಪತ್ರಯ ಎದ್ದಿತ್ತು, ಅದೂ ಒಂದೇ ರೋಗದಿಂದ. ನಮ್ಮ ಪೀಳಿಗೆಯ ಕನ್ನಡಿಗರಿಗೆ ಪ್ಲೇಗ್ ಎಂದರೆ ಅನಂತಮೂರ್ತಿಯವರ 'ಸಂಸ್ಕಾರ'. ಎಂಬಿಬಿಎಸ್ ಓದಿದವರಿಗೆ ಅದು ಪಾರ್ಕ್ ಅವರ ಸಾಮಾಜಿಕ ವೈದ್ಯಶಾಸ್ತ್ರದ ದಪ್ಪ ಪುಸ್ತಕದಲ್ಲಿ ಪರೀಕ್ಷೆಗೆ ಬರಬಹುದಾದ ಒಂದು ಅಧ್ಯಾಯ. ಇಲಿ, ಚಿಗಟ, ಬಾವು ಎಂದು ಉರುಹೊಡೆದು ಬರೆದು ಮರೆತೆವು. ಆ ಚಿಗಟಕ್ಕೂ ಕೂಲಿಗೂ ಇರುವ ಸಂಬಂಧವನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾಕ್ಟರ್ ವೀಗಸ್ ಅವರು ಇದು ಪ್ಲೇಗೇ ಎಂದು ಹೇಳಿದರು. ಮುಂದಿನ ಐದಾರು ತಿಂಗಳಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಆ ಶಹರದ ಅರ್ಧದಷ್ಟು ಜನ ಊರು ಬಿಟ್ಟರು. ಹತ್ತಿಯ ಗಿರಣಿಗಳ ಕೆಲಸಗಾರರು ಹೆಚ್ಚಾಗಿ ಕೊಂಕಣದವರು, ಘಟ್ಟದ ಮೇಲಿನವರು. ಊರಿನಲ್ಲಿ ತುಂಡು ಹೊಲ, ಒಂದು ಸೂರು ಇದ್ದೇ ಇತ್ತು. ಗಂಟು ಕಟ್ಟಿಕೊಂಡು ಹೊರಟುಬಿಟ್ಟರು, ಮಗ್ಗಗಳು ನಿಂತವು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆಗ ಗಿರಣಿಗಳಲ್ಲಿ ಸಂಬಳ ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದು ಎಷ್ಟೋ ದಿನಗಳ ಮೇಲೆ. ಎಂದರೆ ಕೆಲಸಗಾರನ ದುಡಿಮೆಯ ಹಣ ಸದಾ ಮಾಲೀಕನ ಪೆಟ್ಟಿಗೆಯಲ್ಲಿ ಒತ್ತೆಯಾಗಿ ಇರುತ್ತಿತ್ತು. ಬಿಟ್ಟು ಹೋದರೆ ಅದೂ ಹೋಯಿತು. ಆರೋಗ್ಯವಂತರಾಗಿದ್ದಾಗ ಇದನ್ನು ಸಹಿಸಿದ್ದ ಜನ, ನಾಳೆ ಬದುಕಿರುತ್ತೇವೋ ಇಲ್ಲವೋ ಎಂದಾದಾಗ ಸಹಿಸಲಿಲ್ಲ. ಇಂದಿನ ಕೂಲಿ ಇಂದೇ ಕೈಗೆ ಕೊಡಿ, ಬರುತ್ತೇವೆ ಎಂದರು. ಮಾಲೀಕರು ಒಗ್ಗಟ್ಟಾಗಿ ನಿರಾಕರಿಸಲು ನೋಡಿದರು, ಆಗಲಿಲ್ಲ. ಪಕ್ಕದ ಗಿರಣಿಯವನು ದಿನಗೂಲಿ ಕೊಡಲು ಒಪ್ಪಿದ ಕೂಡಲೇ ಇವನೂ ಒಪ್ಪಬೇಕಾಯಿತು. ಬೀದಿಯ ಮೂಲೆಗಳಲ್ಲಿ ಗಿರಣಿಯ ಜನ ನಿಂತು ಹೆಚ್ಚು ಕೂಲಿ ಕೂಗಿ ಆಳುಗಳನ್ನು ಸೆಳೆಯುವ ಕಾಲ ಬಂತು. ಹರಾಜಿನಲ್ಲಿ ಯಾವಾಗಲೂ ಮಾರಾಟವಾಗುತ್ತಿದ್ದವನು ಆಗ ತಾನೇ ಬೆಲೆ ಹೇಳಿದ! ರೋಗ ಇಳಿದ ಮೇಲೆ ಮಾಲೀಕರು ಹಳೆಯ ತಿಂಗಳ ಸಂಬಳದ ಪದ್ಧತಿಗೇ ಮರಳಲು ಹೊರಟಾಗ ಮುಷ್ಕರಗಳಾದವು. ಕೊನೆಗೆ ಹಳೆಯ ಪದ್ಧತಿಯೇ ಗೆದ್ದಿತು. ಆದರೂ ಭಾರತದ ಕಾರ್ಮಿಕರ ಇತಿಹಾಸದಲ್ಲಿ ಆ ಕೆಲವು ತಿಂಗಳುಗಳು ಮರೆಯುವಂಥವಲ್ಲ ಎಂದು ನನ್ನ ಅಭಿಪ್ರಾಯ.

ಮುಂಬಯಿಯಿಂದ ಪ್ಲೇಗು ರೈಲು ಹತ್ತಿ ನಮ್ಮ ನಾಡಿಗೆ ಬಂತು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಸುಮಾರು 50,000 ಜನರ ವ್ಯಾಪಾರದ ಊರು. ದಕ್ಷಿಣ ಮರಾಠಾ ರೈಲ್ವೆಯ ದೊಡ್ಡ ಕಾರ್ಖಾನೆ ಅಲ್ಲಿತ್ತು, ಹತ್ತಿಯ ಗಿರಣಿಯೂ ಇತ್ತು. 1898ರಲ್ಲಿ ಆ ಊರಿನಲ್ಲಿ ನಡೆದದ್ದು ಜಗತ್ತಿನ ವೈದ್ಯಕೀಯ ಇತಿಹಾಸದಲ್ಲಿ ಸೇರಿದೆ, ಆದರೆ ಹುಬ್ಬಳ್ಳಿಯವರಿಗೇ ಅದರ ನೆನಪು ಕಡಿಮೆ.

ವಾಲ್ಡೆಮಾರ್ ಹಾಫ್‌ಕಿನ್ ಎಂಬಾತ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವನು. ಮುಂಬಯಿಯಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಅವನು ಪ್ಲೇಗಿಗೆ ಲಸಿಕೆ ತಯಾರಿಸಿದ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣು ಅದಕ್ಕೆ ಜೋತುಬಿದ್ದು ಸೊಂಪಾಗಿ ಬೆಳೆಯುತ್ತದೆ ಎಂದು ಕಂಡುಕೊಂಡಿದ್ದ. (ನಮ್ಮ ತುಪ್ಪದ ಮಹಿಮೆಯನ್ನು ಹಾಡುವವರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು.) ಹೀಗೆ ಬೆಳೆಸಿದ ರೋಗಾಣುವನ್ನು ಕಾಯಿಸಿ ಕೊಂದು ಚುಚ್ಚುವುದು ಅವನ ವಿಧಾನ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಉರಿಯುತ್ತಿದ್ದಾಗ ಆ ಊರಿನ ಬಹುಪಾಲು ಜನರಿಗೆ, ರೈಲ್ವೆಯ ಹಾಗೂ ಗಿರಣಿಯ ಕೆಲಸಗಾರರೂ ಸೇರಿ, ಈ ಲಸಿಕೆಯನ್ನು ಹಾಕಿದರು. ಇಡೀ ಊರಿಗೆ ಊರೇ ತೋಳು ಕೊಟ್ಟ ಉದಾಹರಣೆ ಅಲ್ಲಿಯವರೆಗೆ ಎಲ್ಲಿಯೂ ಇರಲಿಲ್ಲವೆಂದೇ ಹೇಳಬೇಕು. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಎಂಬ ಹುಬ್ಬಳ್ಳಿಯ ಲೆಕ್ಕವನ್ನು ಹಾಫ್‌ಕಿನ್ ಲಂಡನ್ನಿನಲ್ಲಿ ವಿದ್ವಾಂಸರ ಮುಂದೆ ಇಟ್ಟ.

ಜನ ಯಾಕೆ ಒಪ್ಪಿದರು? ವಿಜ್ಞಾನದ ಮೇಲಿನ ನಂಬಿಕೆಯಿಂದ ಎಂದರೆ ಅದು ನಮ್ಮ ವೃತ್ತಿಯವರ ಆತ್ಮಪ್ರಶಂಸೆಯಾದೀತು. ಆ ಲಸಿಕೆ ಸುಖದ್ದಲ್ಲ. ತೋಳು ಊದಿ, ಜ್ವರ ಬಂದು, ಒಂದೆರಡು ದಿನದ ಕೂಲಿಗೆ ಕುತ್ತು. ಆದರೆ ಲಸಿಕೆ ಇಲ್ಲದವನ ಪಾಡು ಇನ್ನೂ ಕಷ್ಟ. ಮನೆಯಲ್ಲಿ ಒಬ್ಬರಿಗೆ ರೋಗ ಬಂದರೆ ಉಳಿದವರನ್ನೆಲ್ಲ ಊರ ಹೊರಗಿನ ತಡಿಕೆಯ ಕ್ಯಾಂಪಿಗೆ ಒಯ್ಯುತ್ತಿದ್ದರು. ಅಲ್ಲಿರುವಷ್ಟು ದಿನ ದುಡಿಮೆ ಇಲ್ಲ. ಲಸಿಕೆಯ ಚೀಟಿ ಇದ್ದವನಿಗೆ ಮುಂಬಯಿ ಪ್ರಾಂತದಲ್ಲಿ ಈ ನಿರ್ಬಂಧದಿಂದ ವಿನಾಯಿತಿ ಇತ್ತು. ಚೀಟಿ ತೋರಿಸಿದರೆ ಕೆಲಸಕ್ಕೆ ಹೋಗಬಹುದು, ರೈಲು ಹತ್ತಬಹುದು. ಒಂದು ತುಂಡು ಕಾಗದ ಒಬ್ಬ ಕೂಲಿಕಾರನ ತಿಂಗಳ ಅನ್ನವನ್ನು ಉಳಿಸುತ್ತಿತ್ತು. ಉಪದೇಶಕ್ಕಿಂತ ಈ ಕಾಗದ ಹೆಚ್ಚು ಜನರನ್ನು ಸೂಜಿಯ ಮುಂದೆ ತಂದು ನಿಲ್ಲಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

2022ರ ಬೇಸಿಗೆಯಲ್ಲಿ ನನ್ನ ಬಳಿಗೆ ಬಂದವರಲ್ಲಿ ಹಲವರು ಕೇಳಿದ ಚೀಟಿಯೇ ಬೇರೆ. "ಡಾಕ್ಟರೇ, ನನಗೆ ಮನೆಯಿಂದಲೇ ಕೆಲಸ ಮಾಡುವುದು ಅಗತ್ಯ ಎಂದು ಎರಡು ಸಾಲು ಬರೆದುಕೊಡಿ." ಕೆಲವರಿಗೆ ಬರೆದುಕೊಟ್ಟೆ, ಮೂತ್ರಪಿಂಡ ಬದಲಿಸಿಕೊಂಡವರು, ಕೀಮೋ ತೆಗೆದುಕೊಳ್ಳುತ್ತಿದ್ದವರು, ಕೊರೋನಾ ಬಂದು ಹೋಗಿ ಆರು ತಿಂಗಳಾದರೂ ಒಂದು ಮಹಡಿ ಹತ್ತಿದರೆ ಏದುಸಿರು ಬಿಡುವವರು ಅವರಲ್ಲಿದ್ದರು. ಟ್ರೇಸಿಯಿಂದ ದಿನಕ್ಕೆ ಮೂರು ಗಂಟೆ ಕಾರು ಓಡಿಸಿ ಬೆನ್ನು ನೋಯಿಸಿಕೊಳ್ಳಲು ಇಷ್ಟವಿಲ್ಲದವರಿಗೆ ಬರೆದುಕೊಡಲಿಲ್ಲ. ಅವರ ದೂರು ಸುಳ್ಳಲ್ಲ. ಆದರೆ ಅದು ರೋಗವಲ್ಲ, ಮನೆಯ ಬೆಲೆ. ಅದಕ್ಕೆ ನನ್ನ ಬಳಿ ಔಷಧವಿಲ್ಲ. ಹುಬ್ಬಳ್ಳಿಯವನು ಹೊರಗೆ ಹೋಗಲು ಚೀಟಿ ಕೇಳಿದ, ನಮ್ಮವರು ಒಳಗೆ ಇರಲು ಕೇಳಿದರು. ಕುಳಿತಲ್ಲೇ ಕೂಲಿ ಸಿಗುವ ಕೆಲಸ ಅವನದಾಗಿರಲಿಲ್ಲ ಎಂಬುದೇ ಇಲ್ಲಿರುವ ವ್ಯತ್ಯಾಸ.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ಬಂದ ರೈಲಿನ ಜೊತೆಗೆ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಊರು ಖಾಲಿಯಾಯಿತು. ಜನಗಣತಿಯ ಅಂಕಿಗಳನ್ನು ನೋಡಿ: 1891ರಲ್ಲಿ ಪೇಟೆ ದಂಡು ಎರಡೂ ಸೇರಿ 1,80,366 ಇದ್ದದ್ದು 1901ರಲ್ಲಿ 1,59,046ಕ್ಕೆ ಇಳಿಯಿತು. ಮೈಸೂರು ನಗರವೂ ಹಾಗೆಯೇ, 74,048ರಿಂದ 68,111ಕ್ಕೆ. ಸತ್ತವರಿಗಿಂತ ಹೋಗಿ ಮರಳದವರೂ ಈ ಲೆಕ್ಕದಲ್ಲಿ ಬಹಳ ಮಂದಿ ಇದ್ದಾರು.

ಸರ್ಕಾರಕ್ಕೆ ಆಗ ತಿಳಿದಿದ್ದ ಉಪಾಯಗಳೆಂದರೆ ಮನೆಗೆ ಸುಣ್ಣ, ಫಿನಾಯಿಲು, ಹೆಂಚು ತೆಗೆದು ಬಿಸಿಲು ಬೀಳಿಸುವುದು, ಜನರನ್ನು ಬೇರ್ಪಡಿಸುವುದು. ಸಿಪಾಯಿಗಳನ್ನು ಮನೆಯೊಳಗೆ ನುಗ್ಗಿಸಿದ ಪುಣೆಯಲ್ಲಿ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯೇ ಆಗಿತ್ತು. ನಮ್ಮ ಶ್ರೀರಂಗಪಟ್ಟಣದ ಗಂಜಾಂನಲ್ಲಿಯೂ 1898ರಲ್ಲಿ ಗಲಭೆಯಾಯಿತು. ಮೈಸೂರಿನ ಪ್ಲೇಗ್ ಕಮಿಷನರ್ ಆಗಿದ್ದ ವಿ. ಪಿ. ಮಾಧವರಾಯರು (ಮುಂದೆ ದಿವಾನರಾದವರು) ಜನರ ಮನಸ್ಸನ್ನು ಒಲಿಸಿಕೊಳ್ಳದೆ ಈ ಕೆಲಸ ಸಾಗದೆಂದು ಅರಿಯಬೇಕಾಯಿತು.

ವೈದ್ಯನಾಗಿ ನನಗೆ ಬಹಳ ಸ್ವಾರಸ್ಯವೆನಿಸುವುದು ಇದು: ಜನರಿಗೆ ಒಂದು ವಿಷಯದಲ್ಲಿ ಸರ್ಕಾರಿ ಡಾಕ್ಟರುಗಳಿಗಿಂತ ಹೆಚ್ಚು ತಿಳಿದಿತ್ತು. ಮನೆಯಲ್ಲಿ ಇಲಿ ಬಿದ್ದರೆ ಮನೆ ಬಿಡು. ನಮ್ಮ ಹಳ್ಳಿಗಳಲ್ಲಿ ಇದು ಶಾಸನದಂತೆ ನಡೆದ ಮಾತು. ಇಲಿ ಸತ್ತು ಬಿದ್ದ ಕೂಡಲೇ ಪಾತ್ರೆ ಪಡಗ, ದನಕರು ಸಮೇತ ಹೊಲದಲ್ಲಿ ಗುಡಿಸಲು ಹಾಕುವುದು, ಮೂರು ನಾಲ್ಕು ತಿಂಗಳು ಅಲ್ಲೇ ಇರುವುದು. ಸತ್ತ ಇಲಿಯ ಮೈಯಿಂದ ಇಳಿದ ಚಿಗಟ ಮನುಷ್ಯನನ್ನು ಕಚ್ಚುತ್ತದೆ ಎಂದು ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ದೊಡ್ಡ ವೈದ್ಯರು ಒಪ್ಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಕಾರಣ ಗೊತ್ತಿಲ್ಲದಿದ್ದರೂ ರೈತ ಮಾಡಿದ್ದು ಸರಿಯಾಗಿತ್ತು. ಗುಡಿಸಲಿನಿಂದ ಹೊಲ ಹತ್ತಿರವೇ, ಆದ್ದರಿಂದ ಅವನ ಕೆಲಸ ನಿಲ್ಲಲಿಲ್ಲ. ನಿಂತದ್ದು ಪೇಟೆಯ ಕೆಲಸ: ಮಗ್ಗ, ಅಂಗಡಿ, ಕಚೇರಿ, ಗಿರಣಿ. ಅವರನ್ನು ಮರಳಿ ಕರೆಯಬೇಕಾದರೆ ಇಲಿ ಬೀಳದ ಮನೆ ಬೇಕು. ಅಗಲವಾದ ಬೀದಿ, ಹಿಂಬದಿಗೆ ಜಾಡಮಾಲಿ ಗಲ್ಲಿ, ಮನೆ ಮನೆಗಳ ನಡುವೆ ಗಾಳಿ ಇರುವ ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೇಗ ಬೆಳೆದದ್ದು ಈ ಒತ್ತಡದಿಂದ. ಇಂದು ನಾವು ರಜೆಯಲ್ಲಿ ಹೋದಾಗ ದೋಸೆ ತಿನ್ನಲು ಹುಡುಕಿಕೊಂಡು ಹೋಗುವ ಆ ಬಡಾವಣೆಗಳು ಒಂದು ಬಗೆಯಲ್ಲಿ ಪ್ಲೇಗಿನ ಕೂಸುಗಳು. ಅಲ್ಲಿ ಮನೆ ಕಟ್ಟಿದವರು ಗುಮಾಸ್ತರು, ವಕೀಲರು, ಅಧಿಕಾರಿಗಳು. ನೇಕಾರರ ಪಾಲಿಗೆ ಉಳಿದದ್ದು ಹಳೆಯ ಪೇಟೆಯ ಅದೇ ಇಕ್ಕಟ್ಟಿನ ಗಲ್ಲಿ, ಪ್ಲೇಗಮ್ಮನ ಗುಡಿ.

ಎಲ್ಲ ಊರುಗಳೂ ಕುಗ್ಗಿದವೆಂದು ತಿಳಿಯಬೇಡಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ 1891ರಲ್ಲಿ 7,085 ಜನರಿದ್ದರು, 1901ರಲ್ಲಿ 38,204. ಅದೇ ಪ್ಲೇಗಿನ ದಶಕದಲ್ಲಿ ಐದು ಪಟ್ಟು! ಬಹುಮಂದಿ ಬಂದದ್ದು ಪಕ್ಕದ ತಮಿಳು, ತೆಲುಗು ಜಿಲ್ಲೆಗಳಿಂದ. ಜಾತಿಯಲ್ಲಿ ಕೆಳಗಿಟ್ಟಿದ್ದ, ಭೂಮಿಯಿಲ್ಲದ ಜನ. ಅವರಿಗೆ ಓಡಿಹೋಗಲು ಹೊಲವಿರಲಿಲ್ಲ. ಮುಂಬಯಿಯ ಗಿರಣಿ ಕೆಲಸಗಾರ ದಿನಗೂಲಿ ಕೇಳಿ ಪಡೆದದ್ದು ಅವನಿಗೆ ಊರಿನಲ್ಲಿ ತುಂಡು ಹೊಲ ಇತ್ತೆಂಬ ಕಾರಣಕ್ಕೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ಈ ದಂಡೆಗೆ ಬರೋಣ. 1900ರ ಮಾರ್ಚ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದ ಚೀನಾ ಪೇಟೆಯ ಗ್ಲೋಬ್ ಹೋಟೆಲಿನ ನೆಲಮಾಳಿಗೆಯಲ್ಲಿ ಒಬ್ಬ ಚೀನೀ ಕೂಲಿಯ ಹೆಣ ಸಿಕ್ಕಿತು. ತೊಡೆಯ ಸಂದಿನಲ್ಲಿ ಬಾವು. ಮರುದಿನ ಬೆಳಗಾಗುವಷ್ಟರಲ್ಲಿ ಇಡೀ ಪೇಟೆಯ ಸುತ್ತ ಪೋಲೀಸರು ಹಗ್ಗ ಕಟ್ಟಿದ್ದರು. ಬಿಳಿಯರನ್ನು ಹೊರಗೆ ಬಿಟ್ಟರು, ಚೀನೀಯರನ್ನು ಬಿಡಲಿಲ್ಲ. ನಗರದ ಶ್ರೀಮಂತರು ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಯವನು ಬಂದಿಲ್ಲ, ಬಟ್ಟೆ ಒಗೆಯುವವನು ಬಂದಿಲ್ಲ, ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರಿಲ್ಲ. ಎರಡು ಮೂರು ದಿನಗಳಲ್ಲೇ ಹಗ್ಗ ಬಿಚ್ಚಿದರು. ರೋಗಾಣುವಿನ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ!

ಮೇ ತಿಂಗಳಿನಲ್ಲಿ ಮತ್ತೆ ಅದೇ ಕಥೆ. ಏಂಜಲ್ ಐಲ್ಯಾಂಡಿನ ಫೆಡರಲ್ ಕ್ವಾರಂಟೈನ್ ಅಧಿಕಾರಿ ಡಾಕ್ಟರ್ ಕಿನ್ಯೂನ್, ನುರಿತ ರೋಗಾಣು ತಜ್ಞ, ಮಾತಿನಲ್ಲಿ ಒರಟ. ಹಾಫ್‌ಕಿನ್ನನ ಲಸಿಕೆಯನ್ನು, ಎಂದರೆ ಹುಬ್ಬಳ್ಳಿಯವರು ಎರಡು ವರ್ಷದ ಹಿಂದೆ ಹಾಕಿಸಿಕೊಂಡಿದ್ದನ್ನೇ, ಚೀನೀಯರಿಗೂ ಜಪಾನೀಯರಿಗೂ ಹಾಕಲು ಮೇಲಿನವರು ಹೇಳಿದರು. ಹಾಕಿಸಿಕೊಳ್ಳದ ಏಷ್ಯದವರು ಊರು ಬಿಟ್ಟು ಹೋಗುವಂತಿಲ್ಲ. ಹುಬ್ಬಳ್ಳಿಯಲ್ಲಿ ಜನರನ್ನು ಸೂಜಿಯತ್ತ ತಂದ ಉಪಾಯ ಇಲ್ಲಿ ಪೂರ್ತಿ ನೆಲ ಕಚ್ಚಿತು. ಅಂಗಡಿಗಳು ಬಾಗಿಲು ಹಾಕಿದವು, ಜನ ಬೀದಿಗೆ ಬಂದರು, ಲಸಿಕೆಗೆ ತೋಳು ಕೊಟ್ಟವರು ಬೆರಳೆಣಿಕೆಯಷ್ಟು. ಯಾಕೆಂದರೆ ಸೂಜಿ ಒಂದು ಬಣ್ಣದವರಿಗೆ ಮಾತ್ರ ಎಂದು ಎಲ್ಲರಿಗೂ ಕಾಣುತ್ತಿತ್ತು. ಚೀನೀಯರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಫೆಡರಲ್ ನ್ಯಾಯಾಧೀಶ ವಿಲಿಯಂ ಮಾರೋ ಮೇ ಕೊನೆಗೆ ಈ ನಿರ್ಬಂಧವನ್ನು ಹೊಡೆದುಹಾಕಿದರು. ಕೂಡಲೇ ನಗರದವರು ಪೇಟೆಗೆ ಮತ್ತೆ ಬೇಲಿ ಹಾಕಿದರು. ಬೇಲಿ ಬಿಳಿಯರ ಅಂಗಡಿ ಬಂದ ಕಡೆ ಸೊಟ್ಟಗಾಗಿ ಅದನ್ನು ಹೊರಗೆ ಬಿಟ್ಟು ಮುಂದೆ ಸಾಗುತ್ತಿತ್ತು. ಒಳಗಿದ್ದವರಿಗೆ ಹೊರಗಿನ ಕೆಲಸವಿಲ್ಲ, ಅಕ್ಕಿಯ ಬೆಲೆ ಏರಿತು. ಜೂನ್ 15ರಂದು ಅದೇ ನ್ಯಾಯಾಧೀಶರು ಆ ಬೇಲಿಯನ್ನೂ ತೆಗೆಸಿದರು. ಜೂ ಹೋ ಎಂಬ ಅಂಗಡಿಯವನು ಹಾಕಿದ ಮೊಕದ್ದಮೆ ಅದು. ಅಮೆರಿಕದ ಸಾರ್ವಜನಿಕ ಆರೋಗ್ಯದ ಕಾನೂನು ಓದುವವರು ಇಂದಿಗೂ ಅದನ್ನು ಓದುತ್ತಾರೆ.

ಆ ಹೊತ್ತಿಗೆ ಇನ್ನೊಂದು ತಮಾಷೆ ನಡೆದಿತ್ತು, ನಗುವಂಥದ್ದಲ್ಲ. ಕ್ಯಾಲಿಫೋರ್ನಿಯದ ಗವರ್ನರ್ ಹೆನ್ರಿ ಗೇಜ್ ಪ್ಲೇಗೇ ಇಲ್ಲ ಎಂದುಬಿಟ್ಟರು. ರೋಗವಿದೆ ಎಂದರೆ ಹಣ್ಣು ಹಂಪಲು ಪೂರ್ವದ ಪೇಟೆಗಳಿಗೆ ಹೋಗುವುದಿಲ್ಲ, ವ್ಯಾಪಾರ ಕೆಡುತ್ತದೆ. ಕಿನ್ಯೂನ್ ತಾನೇ ರೋಗಾಣುವನ್ನು ಹೆಣಗಳಿಗೆ ಚುಚ್ಚಿರಬೇಕು ಎಂದು ಕೂಡ ಆಪಾದನೆ ಬಂತು. 1901ರಲ್ಲಿ ಫೆಡರಲ್ ಸರ್ಕಾರ ಕಳಿಸಿದ ಮೂವರು ತಜ್ಞರು ಪ್ಲೇಗು ಇದೆಯೆಂದು ಖಚಿತವಾಗಿ ಹೇಳಿದರು. ಆದರೂ ಆ ವರ್ಷ ವರ್ಗವಾಗಿ ಹೋದದ್ದು ಕಿನ್ಯೂನ್. ಆಮೇಲೆ ಬಂದ ರೂಪರ್ಟ್ ಬ್ಲೂ ಗದರಿಸಲಿಲ್ಲ. ಚೀನಾ ಪೇಟೆಯಲ್ಲೇ ಕಚೇರಿ ತೆರೆದು, ವಾಂಗ್ ಚುಂಗ್ ಎಂಬ ದುಭಾಷಿಯನ್ನು ಜೊತೆಗಿಟ್ಟುಕೊಂಡು ಮನೆ ಮನೆ ನೋಡಿದರು, ನೆಲಮಾಳಿಗೆಗಳಿಗೆ ಕಾಂಕ್ರೀಟು ಹಾಕಿಸಿದರು, ಇಲಿ ಹಿಡಿಸಿದರು. 1904ರ ಹೊತ್ತಿಗೆ ಆ ಸುತ್ತಿನ ಪ್ಲೇಗು ನಿಂತಿತು; ಸುಮಾರು 120 ಜನರಿಗೆ ತಗುಲಿ ಹೆಚ್ಚುಕಡಿಮೆ ಎಲ್ಲರೂ ಸತ್ತಿದ್ದರು. 1906ರ ಭೂಕಂಪದ ಮೇಲೆ ಮತ್ತೆ ಕಾಣಿಸಿಕೊಂಡು, 1908ರಲ್ಲಿ ಕೊಲ್ಲಿಯ ಈ ಬದಿಯ ಗುಡ್ಡಗಳ ಅಳಿಲುಗಳಿಗೆ ಹತ್ತಿರುವುದು ತಿಳಿಯಿತು. ಅಂದಿನಿಂದ ಅದು ಈ ರಾಜ್ಯದ ಕಾಡುಗಳಿಂದ ಹೋಗಿಲ್ಲ. 2020ರ ಆಗಸ್ಟಿನಲ್ಲಿ, ಎಲ್ಲರೂ ಕೊರೋನಾ ಎನ್ನುತ್ತಿದ್ದಾಗ, ಟಾಹೋ ಸರೋವರದ ಬಳಿ ಒಬ್ಬರಿಗೆ ಪ್ಲೇಗು ಬಂದಿತ್ತು. ಈಗ ಆಂಟಿಬಯಾಟಿಕ್ಸ್ ಇವೆ, ಟಿಲ್ಡನ್ ಪಾರ್ಕಿಗೆ ವಾಕಿಂಗ್ ಹೋಗುವವರು ಗಾಬರಿಯಾಗಬೇಕಿಲ್ಲ. ಅಳಿಲಿಗೆ ಚುರುಮುರಿ ಹಾಕುವುದನ್ನು ಬಿಟ್ಟರೆ ಒಳ್ಳೆಯದು.

1918ರ ಇನ್‌ಫ್ಲುಯೆಂಜಾದ ಮಾತು ಎರಡೇ ವಾಕ್ಯದಲ್ಲಿ ಮುಗಿಸುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದವರು ನವೆಂಬರ್ 21ರಂದು ಮಧ್ಯಾಹ್ನ ಸೀಟಿ ಊದಿದ ಕೂಡಲೇ ಮುಖವಾಡಗಳನ್ನು ಬೀದಿಗೆಸೆದು ಕೆಲಸಕ್ಕೂ ಸಿನಿಮಾಕ್ಕೂ ಓಡಿದರು, ರೋಗ ಎರಡು ತಿಂಗಳಲ್ಲಿ ಮತ್ತೆ ತಲೆಯೆತ್ತಿತು. ಅದೇ ವರ್ಷ ಮಳೆಯೂ ಕೈಕೊಟ್ಟಿದ್ದ ನಮ್ಮ ನಾಡಿನಲ್ಲಿ ಸೀಟಿ ಊದುವವರಾಗಲಿ ಕೆಲಸಕ್ಕೆ ಕರೆಯುವವರಾಗಲಿ ಯಾರಿದ್ದರು?

ಇಷ್ಟೆಲ್ಲ ಆಗಿಯೂ 2020ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಇಲ್ಲಿ ಕುಳಿತು ಓದಿದಾಗ ನನಗೆ ಆಶ್ಚರ್ಯವಾಯಿತು. ಮಾರ್ಚ್ 24ರ ರಾತ್ರಿ ಇಡೀ ದೇಶಕ್ಕೆ ಬೀಗ ಬಿತ್ತು. ಬಿಹಾರ, ಒಡಿಶಾ, ಉತ್ತರ ಪ್ರದೇಶ, ಬಂಗಾಳದಿಂದ ಬಂದು ಬೆಂಗಳೂರಿನ ಗಗನಚುಂಬಿಗಳನ್ನು ಕಟ್ಟುತ್ತಿದ್ದವರು ತಗಡಿನ ಶೆಡ್ಡುಗಳಲ್ಲಿ ಕೂಲಿಯಿಲ್ಲದೆ ಆರು ವಾರ ಕಳೆದರು. ಕೊನೆಗೆ ವಿಶೇಷ ರೈಲುಗಳು ಹೊರಟವು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ಕಂಪನಿಯವರ ಜೊತೆ ಸಭೆ ನಡೆಸಿದರು. ಕಟ್ಟಡದ ಕೆಲಸ ಮತ್ತೆ ಶುರುವಾಗಬೇಕು, ಆಳುಗಳು ಹೋದರೆ ಹೇಗೆ? ಅದೇ ದಿನ, ನಾಳೆಯಿಂದ ರೈಲು ಬೇಡ ಎಂದು ರೈಲ್ವೆಗೆ ಪತ್ರ ಹೋಯಿತು. ಕರೆಯುವ ಕಷ್ಟವೇ ಬೇಡ, ಹೋಗಲು ಬಿಡದಿದ್ದರೆ ಆಯಿತು! ಸ್ಯಾನ್ ಫ್ರಾನ್ಸಿಸ್ಕೋದ ಹಗ್ಗಕ್ಕೂ ಇದಕ್ಕೂ ಉದ್ದೇಶ ಬೇರೆ ಇರಬಹುದು. ಒಳಗಿದ್ದವನಿಗೆ ಹಗ್ಗ ಹಗ್ಗವೇ. ಎಷ್ಟೋ ಜನ ನಡೆದೇ ಹೊರಟರು. ದೇಶವೆಲ್ಲ ಛೀ ಎಂದ ಮೇಲೆ, ಎರಡು ದಿನಗಳಲ್ಲಿ, ಮೇ 7ರಂದು ಆ ನಿರ್ಧಾರವನ್ನು ಹಿಂತೆಗೆದುಕೊಂಡರು. ರೈಲುಗಳು ಮತ್ತೆ ಹೊರಟವು, ಹೋಗುವವರು ಹೋದರು.

ಜೂನ್ ಜುಲೈ ಹೊತ್ತಿಗೆ ದಕ್ಷಿಣದ ನಗರಗಳಲ್ಲಿ ಕ್ರೇನುಗಳು ಆಳಿಲ್ಲದೆ ನಿಂತಿದ್ದವು. ಆಗ ಕಂಪನಿಗಳ ಮೇಸ್ತ್ರಿಗಳು ಬಿಹಾರದ ಹಳ್ಳಿಗಳಿಗೆ ಫೋನು ಮಾಡತೊಡಗಿದರು. ಬಸ್ಸು ಕಳಿಸುತ್ತೇವೆ ಎಂದರು, ಹೆಚ್ಚು ಕೂಲಿ ಎಂದರು, ಕೆಲವರಂತೂ ವಿಮಾನದ ಟಿಕೆಟ್ಟನ್ನೇ ಕಳಿಸಿದರು. ಹುಟ್ಟಿನಿಂದ ವಿಮಾನ ಹತ್ತದ ಬಡಗಿಗಳು ಪಟ್ನಾದಿಂದ ಹಾರಿ ಬಂದರು. ಹತ್ತುವ ಮೊದಲು ಹಲವರು ಒಂದು ಮಾತು ಕೇಳಿದರು: ಮುಂಗಡವಾಗಿ ಎಷ್ಟು ಕೊಡುತ್ತೀರಿ, ಬಾಕಿ ಉಳಿದ ಮಾರ್ಚ್ ತಿಂಗಳ ಕೂಲಿ ಯಾವಾಗ?